ಸಹಿಯ ಮೇಲಿನ ಸಾಲು

ನೋಟರಿ ಕಚೇರಿ ತೆರೆಯುವುದು ಒಂಬತ್ತಕ್ಕೆ.
ಎಂಟೂವರೆಗೇ ಬಂದು ನಿಂತಿದ್ದೇವೆ, ನಾನು, ಎದೆಲ್ಮೀರಾ.
ಹೆದ್ದಾರಿ ಮುಗಿದು ಕಡಲು ಶುರುವಾಗುವ ಊರು ಕೆಯೋನ್,
ಗಾಳಿಯೆಲ್ಲ ಉಪ್ಪುಪ್ಪು.
ಬೂಟು ತೊಳೆದು ಬಂದಿದ್ದಾಳೆ, ಆದರೂ ಮೀನಿನ ವಾಸನೆ.
ನನ್ನದೂ ಅಷ್ಟೇ.
ಹನ್ನೊಂದು ವರ್ಷ ಒಂದೇ ಕನ್ವೇಯರ್ ಪಟ್ಟಿಯೆದುರು ನಿಂತವರು:
ಅವಳು ಬೆನ್ನುಮೂಳೆ ಬಿಡಿಸುವವಳು,
ನಾನು ಚಿಮಟ ಹಿಡಿದು ಉಳಿದ ಮುಳ್ಳು ಹೆಕ್ಕುವವಳು.

ಕಾಗದದಲ್ಲಿ ಕಾರಣ ಬರೆದಿದ್ದಾರೆ: ಸಂಸ್ಥೆಯ ಅಗತ್ಯ.
ಎರಡೇ ಪದ. ಅದರೊಳಗೆ ನಾಯಾರೆತ್ ಇಲ್ಲ,
ಹತ್ತೊಂಬತ್ತರ ಹುಡುಗಿ.
ಏಪ್ರನ್ ಬದಲಿಸುವ ಕೋಣೆಯಲ್ಲಿ
ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಸೂಪರ್‌ವೈಸರ್ ಬಾರ್ರಿಯಾ ಇಲ್ಲ.
ಕೈಗವಸು ಸರಿಮಾಡುತ್ತೇನೆ ಅನ್ನುತ್ತ
ಎಲ್ಲೆಲ್ಲೋ ಸರಿಮಾಡಿದ ಅವನ ಬೆರಳುಗಳಿಲ್ಲ.

ಹುಡುಗಿಯ ದೂರಿಗೆ ಸಾಕ್ಷಿ ಬೇಕಿತ್ತು.
ಎದೆಲ್ಮೀರಾ ಹೋದಳು, ಕಂಡದ್ದು ಹೇಳಿದಳು.
ಎದೆ ಮೀರಿ ಒಂದು ಮಾತು ಸೇರಿಸಲಿಲ್ಲ,
ಒಂದು ಮಾತು ನುಂಗಲೂ ಇಲ್ಲ.

ನನ್ನನ್ನೂ ಕರೆದಿದ್ದರು.
ಮುಳ್ಳು ಹೆಕ್ಕುತ್ತಿದ್ದೆ, ತಲೆ ತಗ್ಗಿತ್ತು, ಅಂದೆ.
ಸುಳ್ಳಲ್ಲ ಅದು.
ತಲೆ ತಗ್ಗಿಯೇ ಇತ್ತು.

ಆಮೇಲೆ ಯಾರೂ ಯಾರನ್ನೂ ಬೈಯಲಿಲ್ಲ.
ಬರೀ ಅವಳ ಜಾಗ ಬದಲಾಯಿತು, ಶೀತಲಕೋಣೆಗೆ, ಮೈನಸ್ ಹದಿನೆಂಟು.
ಬರೀ ಪಾಳಿ ಬದಲಾಯಿತು, ರಾತ್ರಿಗೆ,
ಕೊನೆಯ ಬಸ್ಸು ಹೋದ ಮೇಲೆ ಬಿಡುವ ಪಾಳಿ.
ಶೌಚಕ್ಕೆ ಹೋಗಿ ಬಂದ ನಿಮಿಷಗಳನ್ನು ಬರೆದಿಡಲು
ಹೊಸ ಪುಸ್ತಕವೊಂದು ಬಂತು, ನೂರಿಪ್ಪತ್ತು ಪುಟ,
ಒಂದೇ ಹೆಸರು.
ಊಟದ ಮೇಜಿನಲ್ಲಿ ಅವಳ ಪಕ್ಕದ ಕುರ್ಚಿ
ತಾನಾಗಿಯೇ ಖಾಲಿಯಾಗುವುದನ್ನು ಕಲಿಯಿತು.
ನೀರಿಗಿಳಿದವಳಿಗೆ ಚಳಿಯೇನು ಗಾಳಿಯೇನು,
ಅಂದವರು ನಮ್ಮವರೇ,
ದಡದಲ್ಲಿ ನಿಂತು, ಒಣಗಿದ ಕಾಲಲ್ಲಿ.

ನಾಲ್ಕನೇ ತಿಂಗಳಿಗೆ ಸಂಸ್ಥೆಗೆ ಅಗತ್ಯ ಹುಟ್ಟಿತು.

ಸಹಿ ಹಾಕಿಬಿಡು, ದುಡ್ಡಾದರೂ ಬರಲಿ,
ಚಳಿಗಾಲಕ್ಕೆ ಕಟ್ಟಿಗೆ ಬೇಡವೇ, ಅಂದೆ ನಿನ್ನೆ.
ಬೇಕು, ಅಂದಳು. ಹಾಕುತ್ತೇನೆ.
ಆಲೂಗಡ್ಡೆಯ ಸಿಪ್ಪೆ ಒಂದೇ ಎಳೆಯಾಗಿ
ಅವಳ ಚಾಕುವಿನಿಂದ ನೆಲದವರೆಗೆ ಇಳಿಯಿತು.

ಕೌಂಟರಿನ ಹುಡುಗ ಹಾಳೆ ತಿರುಗಿಸಿ ಬೆರಳಿಟ್ಟ:
ಇಲ್ಲಿ, ಇಲ್ಲಿ, ಮತ್ತೆ ಹೆಬ್ಬೆಟ್ಟು ಇಲ್ಲಿ.
ಅಚ್ಚಾಗಿತ್ತು: ಬರಬೇಕಾದ್ದೆಲ್ಲ ಬಂದಿದೆ,
ಯಾವ ತಕರಾರೂ ಇಲ್ಲ, ಈಗಲೂ ಮುಂದೆಯೂ.
ಎಷ್ಟು ನುಣುಪು ಆ ವಾಕ್ಯ,
ಮುಳ್ಳೆಲ್ಲ ತೆಗೆದು ಪ್ಯಾಕಿಗೆ ಸಿದ್ಧವಾದ ತುಂಡು.

ಎದೆಲ್ಮೀರಾ ಪೆನ್ನು ಕೇಳಿದಳು.
ಸಹಿಯ ಗೆರೆಯ ಮೇಲಿದ್ದ ಬಿಳಿ ಜಾಗದಲ್ಲಿ
ಶಾಲೆಯ ದುಂಡಕ್ಷರದಲ್ಲಿ ಬರೆಯತೊಡಗಿದಳು,
ಚಳಿಗೆ ಸೆಟೆದ ಎರಡು ಬೆರಳು ಮಡಚದೆ:
ಸಾಕ್ಷಿ ಹೇಳಿದ್ದಕ್ಕೆ ನನ್ನನ್ನು ತೆಗೆದರೆಂದು
ಕೋರ್ಟಿನಲ್ಲಿ ಕೇಳುವ ಹಕ್ಕನ್ನು ಉಳಿಸಿಕೊಂಡೇ
ಈ ಸಹಿ.

ಹುಡುಗ ಒಳಕೋಣೆಯತ್ತ ನೋಡಿದ. ಹೀಗೆ ಬರೆಯಬಹುದಾ?
ಒಳಗಿನಿಂದ ಕೆಮ್ಮು. ಕನ್ನಡಕ ಮಡಚುವ ಸದ್ದು.
ಬರೆಯಬಹುದು.

ಬರೆಯಬಹುದು!
ಕೈ ತೊಳೆಯಿರಿ, ಉಂಗುರ ತೆಗೆಯಿರಿ,
ಮಾತಾಡಬೇಡಿ, ಮೊಬೈಲು ತರಬೇಡಿ:
ಹನ್ನೊಂದು ವರ್ಷದಲ್ಲಿ ಫ್ಯಾಕ್ಟರಿಯ ಯಾವ ಗೋಡೆಯ ಮೇಲೂ
ಈ ಕ್ರಿಯಾಪದ ಅಂಟಿಸಿದ್ದು ನಾ ಕಾಣೆ.

ತೆಗೆದ ದಿನದಿಂದ ಅರವತ್ತು ದಿನ, ಭಾನುವಾರ ಬಿಟ್ಟು,
ಎಂದು ಲೆಕ್ಕ ಹೇಳುತ್ತ ಇಳಿದಳು ಮೆಟ್ಟಿಲು.
ಒಂಬತ್ತು ಕಳೆಯಿತು. ಉಳಿದದ್ದು ಐವತ್ತೊಂದು.
ಸಾಕ್ಷಿ ಯಾರಾದರೂ, ಅಂದವಳು ಅಲ್ಲಿಗೇ ನಿಲ್ಲಿಸಿ
ಅಂಗಡಿಯಲ್ಲಿ ಬಿಸಿ ಬ್ರೆಡ್ಡು ಕೊಂಡಳು, ಇಬ್ಬರಿಗೂ.

ಅವಳ ಕಿಸೆಯಿಂದ ನೋಟರಿಯ ಪೆನ್ನು ಇಣುಕುತ್ತಿತ್ತು.
ಅಯ್ಯೋ, ಮರೆತು ತಂದುಬಿಟ್ಟೆಯಲ್ಲ, ಅಂದೆ.
ಇಲ್ಲ, ಅಂದಳು,
ನನ್ನತ್ತ ಚಾಚಿ.

ನನ್ನ ಪಾಳಿ ಎರಡು ಗಂಟೆಗೆ.